ಮೂರೂ ಒಂದೇ ಕಡೆ, ಒಂದೇ ತಂತಿ

2023ರ ಡಿಸೆಂಬರ್ ತಿಂಗಳ ಒಂದು ಶನಿವಾರ ಸಂಜೆ ಪಣಜಿಯ ಸಭಾಂಗಣವೊಂದರಲ್ಲಿ ಆರು ಹೊಸ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಒಂದಾದ ಮೇಲೊಂದರಂತೆ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಲಾಯಿತು. ಆಹ್ವಾನದಲ್ಲಿ ಹೊಗಳಿದ್ದ ನಾದ ಆರರಲ್ಲಿ ಒಂದರಿಂದಲೂ ಬರಲಿಲ್ಲ.

ಆಗ ನಾನು ಕನ್ನಡ ದಿನಪತ್ರಿಕೆಯೊಂದರ ವಾಸ್ಕೊ ವರದಿಗಾರ. ಬಂದರು, ತೆರವು ಕಾರ್ಯಾಚರಣೆ, ಝುವಾರಿನಗರದ ನೀರಿನ ಟ್ಯಾಂಕರ್, ರಸ್ತೆ ಅಪಘಾತ ಇವು ನನ್ನ ದಿನನಿತ್ಯದ ಸುದ್ದಿಗಳು. ಸಂಗೀತ ನನ್ನ ವಿಷಯವಲ್ಲ. ಆ ಸಂಜೆ ನಾನು ಅಲ್ಲಿಗೆ ಹೋದದ್ದು ಎರಡನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದ ಲಾಲಸಾಬ್ ಅವರಿಗಾಗಿ.

ಲಾಲಸಾಬ್ ವಿಜಯಪುರ ಜಿಲ್ಲೆಯವರು. ಝುವಾರಿನಗರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟುಹೋದ ಪಂಖ, ನೀರೆತ್ತುವ ಪಂಪಿನ ಒಳಗಿನ ತಾಮ್ರದ ತಂತಿಯನ್ನು ಬಿಚ್ಚಿ ಹೊಸದು ಸುತ್ತುವ ಕೆಲಸ. ಇದರ ಜೊತೆಗೆ ಕಾರ್ಖಾನೆಗಳಿಂದ ಕಾಂಟ್ಯಾಕ್ಟರ್ ಕಾಯಿಲ್ ಬರುತ್ತಿದ್ದವು. ಕಾಂಟ್ಯಾಕ್ಟರ್ ಎಂದರೆ ದೊಡ್ಡ ಮೋಟಾರನ್ನು ಚಾಲೂ ಮಾಡುವ, ಬಂದ್ ಮಾಡುವ ಸ್ವಿಚ್ಚು. ಅದರೊಳಗಿನ ಕಾಯಿಲ್ಲಿಗೆ ಕೂದಲೆಳೆಯಂಥ ತಂತಿ ಬೇಕು. ಅಷ್ಟು ತೆಳುವಾದ ತಂತಿಯನ್ನು ತುಂಡಾಗದಂತೆ ಸುತ್ತುವವರು ಆ ಭಾಗದಲ್ಲಿ ಕಡಿಮೆ. ಲಾಲಸಾಬ್ ಇದನ್ನು ತಾವಾಗಿಯೇ ಹೇಳಿಕೊಳ್ಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಸಿಟ್ಟು ಬೇಗ ಬರುವ, ಬಂದ ಸಿಟ್ಟನ್ನು ಮರೆಯದ ಮನುಷ್ಯ.

ಗಿಟಾರ್ ಅವರ ಕೈಗೆ ಬಂದದ್ದು 2021ರಲ್ಲಿ. ಕೊರ್ತಾಲಿಮ್‌ನ ಆಗ್ನೆಲೊ ಎಂಬ ಹಿರಿಯ ವಾದಕರು ಮದುವೆಗಳಲ್ಲಿ ನುಡಿಸುತ್ತಾರೆ. ಅವರ ಹಳೆಯ ಗಿಟಾರ್ ಮೂಕವಾಗಿತ್ತು. ಎಲೆಕ್ಟ್ರಿಕ್ ಗಿಟಾರಿನ ದನಿ ಮರದಿಂದ ಬರುವುದಿಲ್ಲ. ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿರುತ್ತದೆ: ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕೆಳಗಿನ ಕಾಯಿಲ್ಲಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಆಗ್ನೆಲೊ ಅವರ ಗಿಟಾರಿನಲ್ಲಿ ಇಂಥ ಕಾಯಿಲ್ ಮೂರು. ಕಡಲ ಗಾಳಿಯ ಉಪ್ಪಿಗೆ ಮೂರೂ ಹಸಿರುಗಟ್ಟಿದ್ದವು. ಅವರು ಅದನ್ನು ಮಾಪುಸಾದ ಗಿಟಾರ್ ಅಂಗಡಿಗೆ ಕೊಟ್ಟರು. ಅಂಗಡಿಯ ಮಾಲೀಕ, ದಿಲ್ಲಿಯಿಂದ ಬಂದು ನೆಲೆಸಿದ ತರುಣ್, ವೈಂಡಿಂಗ್ ಕೆಲಸವನ್ನು ಲಾಲಸಾಬ್ ಅವರಿಗೆ ದಾಟಿಸಿದರು.

ಲಾಲಸಾಬ್ ಎರಡು ತಪ್ಪು ಮಾಡಿದರು. ಎರಡೂ ಪಂಖದ ಕೆಲಸದವರು ಮಾತ್ರ ಮಾಡಬಲ್ಲ ತಪ್ಪುಗಳು. ಸೀಲಿಂಗ್ ಫ್ಯಾನಿನೊಳಗೆ ಒಂದು ಕಾಯಿಲ್ ಬಲಕ್ಕೆ ಸುತ್ತಿದರೆ ಪಕ್ಕದ್ದನ್ನು ಎಡಕ್ಕೆ ಸುತ್ತಬೇಕು, ಇಲ್ಲದಿದ್ದರೆ ಪಂಖ ತಿರುಗುವುದಿಲ್ಲ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈ ಗಿಟಾರಿನ ನಡುವಿನ ಕಾಯಿಲ್ಲನ್ನೂ ತಾನಾಗಿಯೇ ಎಡಕ್ಕೆ ಸುತ್ತಿತು. ಜೊತೆಗೆ ಲಾಕ್‌ಡೌನ್ ಆಗಷ್ಟೇ ಮುಗಿದಿದ್ದರಿಂದ ಹುಬ್ಬಳ್ಳಿಯಿಂದ ಮಾಲು ಇನ್ನೂ ಬಂದಿರಲಿಲ್ಲ. 46 ನಂಬರಿನ ತಂತಿ ಎರಡು ಕಾಯಿಲ್ಲಿಗೆ ಸಾಕಾಯಿತು. ನಡುವಿನದಕ್ಕೆ ಅವರು ಒಂದೆಳೆ ದಪ್ಪಗಿನ 45 ನಂಬರ್ ಹಾಕಿದರು. ತಂತಿ ದಪ್ಪವಾದ್ದರಿಂದ ಸುತ್ತು ಕಡಿಮೆ ಹಿಡಿಯಿತು. ಪಂಪಿಗೆ ಹೀಗೆ ಹೊಂದಿಸುವುದು ರೂಢಿ.

ತರುಣ್ ಗಿಟಾರನ್ನು ಪರೀಕ್ಷಿಸಿದರು. ಒಂದೊಂದೇ ಕಾಯಿಲ್ ನುಡಿಸಿದಾಗ ಸರಿ ಇತ್ತು. ಯಾವ ಕಾಯಿಲ್ ನುಡಿಯಬೇಕೆಂದು ಆರಿಸುವ ಸ್ವಿಚ್ಚನ್ನು ಎರಡರ ನಡುವಿನ ಸ್ಥಾನಕ್ಕೆ ತಂದು ಎರಡನ್ನೂ ಒಟ್ಟಿಗೆ ನುಡಿಸಿದಾಗ ದನಿ ಬದಲಾಯಿತು. ಎರಡು ಕಾಯಿಲ್ ಒಂದರ ವಿರುದ್ಧ ಒಂದು ಕೆಲಸ ಮಾಡಿ ದನಿಯ ಹೊಟ್ಟೆ ಇಳಿದುಹೋಗಿ, ಮೂಗಿನ ದನಿಯೊಂದೇ ಉಳಿದಿತ್ತು. ಅವರು ಲಾಲಸಾಬ್ ಅವರನ್ನು ಮಾಪುಸಾಕ್ಕೆ ಕರೆಸಿ, ಗಿರಾಕಿಗಳ ಎದುರು ನಿಲ್ಲಿಸಿ, ಫೋನಿನಲ್ಲಿ ವಿಡಿಯೊ ಮಾಡಿದರು.

ಆ ವಿಡಿಯೊ ನಾನು ನೋಡಿದ್ದೇನೆ. ಝುವಾರಿನಗರದಲ್ಲಿ ಅದನ್ನು ನೋಡದವರಿರಲಿಲ್ಲ. ತರುಣ್ ಹಿಂದಿಯಲ್ಲಿ ಹೇಳುತ್ತಾರೆ: “ಮೂರೂ ಒಂದೇ ಕಡೆ, ಒಂದೇ ತಂತಿ. ಇಷ್ಟು ಸುಲಭದ ಕೆಲಸ. ಹೇಳು ನೋಡೋಣ.” ಲಾಲಸಾಬ್ ಹೇಳುತ್ತಾರೆ. “ಇನ್ನೊಮ್ಮೆ.” ಇನ್ನೊಮ್ಮೆ ಹೇಳುತ್ತಾರೆ. ಹಿಂದೆ ಯಾರೋ ನಗುತ್ತಾರೆ. ಕೊನೆಗೆ ತರುಣ್ ಕ್ಯಾಮೆರಾದ ಕಡೆ ತಿರುಗಿ, “ಪಂಖೇವಾಲಾನ ಕೈಗೆ ಗಿಟಾರ್ ಕೊಡಬೇಡಿ” ಎನ್ನುತ್ತಾರೆ.

ನಂತರದ ವಾರಗಳಲ್ಲಿ ಕಾರ್ಖಾನೆಗಳಿಂದ ಕಾಂಟ್ಯಾಕ್ಟರ್ ಕಾಯಿಲ್ ಬರುವುದು ನಿಂತಿತು. ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದವರೊಬ್ಬರು ನನಗೆ ಕಾರಣವನ್ನು ನೇರವಾಗಿಯೇ ಹೇಳಿದರು: ಮೂರು ಕಾಯಿಲ್ ಸರಿಯಾಗಿ ಸುತ್ತಲು ಬಾರದವನಿಗೆ ಮೋಟಾರಿನ ಸ್ವಿಚ್ಚು ಹೇಗೆ ಕೊಡುವುದು?

ಇತ್ತ ಆಗ್ನೆಲೊ ಅವರಿಗೆ ವಿಡಿಯೊ ಮಾಡಿದ ದಿನವೇ ಸಂಜೆ ಮದುವೆಯೊಂದರಲ್ಲಿ ನುಡಿಸುವುದಿತ್ತು. ಗಿಟಾರನ್ನು ಹಾಗೆಯೇ ಎತ್ತಿಕೊಂಡು ಹೋದರು. ತುತ್ತೂರಿ, ಡ್ರಮ್ಮುಗಳ ಗದ್ದಲದ ನಡುವೆ, ಸ್ವಿಚ್ಚು ಎರಡರ ಮಧ್ಯೆ ಇದ್ದಾಗ, ಆ ಮೂಗುದನಿ ಎಲ್ಲವನ್ನೂ ಸೀಳಿಕೊಂಡು ಹೊರಗೆ ಬಂತು. ಕುಣಿಯುತ್ತಿದ್ದವರು ತಿರುಗಿ ನೋಡಿದರು. ಮರುದಿನ ಅವರು ಲಾಲಸಾಬ್ ಅಂಗಡಿಗೆ ಬಂದು ಕೊಂಕಣಿಯಲ್ಲಿ ಹೇಳಿದ್ದು ಇಷ್ಟು: “ನೆಗಡಿಯಾದವನು ಪಕ್ಕದ ಕೋಣೆಯಲ್ಲಿ ಅಳುತ್ತಾ ಹಾಡಿದ ಹಾಗಿದೆ ಮಾರಾಯ. ಇದನ್ನು ಸರಿ ಮಾಡಬೇಡ.”

ಎಲೆಕ್ಟ್ರಿಕ್ ಗಿಟಾರಿನ ಇತಿಹಾಸದಲ್ಲಿ ಇದು ಹೊಸದಲ್ಲ ಎಂದು ಆಗ್ನೆಲೊ ಅವರೇ ನನಗೆ ವಿವರಿಸಿದರು. ಹರಿದ ಸ್ಪೀಕರಿನ ಗೊರಗೊರ ದನಿಯನ್ನು ಜನ ಇಷ್ಟಪಟ್ಟದ್ದರಿಂದ, ಆಮೇಲೆ ಅದೇ ದನಿಗಾಗಿ ಪೆಟ್ಟಿಗೆಗಳನ್ನು ತಯಾರಿಸಿದರು. ಮೂರೇ ಸ್ಥಾನವಿದ್ದ ಸ್ವಿಚ್ಚನ್ನು ವಾದಕರು ನಡುವೆ ಸಿಕ್ಕಿಸಿ ನುಡಿಸಿದ್ದರಿಂದ ಐದು ಸ್ಥಾನದ ಸ್ವಿಚ್ಚು ಬಂತು. ತಪ್ಪು ಮೊದಲು, ಹೆಸರು ಆಮೇಲೆ.

ಇಲ್ಲಿ ತಪ್ಪಿಗೆ ‘ಸಂಶೋಧನೆ’ ಎಂದು ಹೆಸರು ಇಟ್ಟವರು ತರುಣ್. ಯುವಕರ ತಂಡವೊಂದು ಆಗ್ನೆಲೊ ಅವರನ್ನು ಕರೆದು ಹಾಡು ಧ್ವನಿಮುದ್ರಿಸಿತು. ಆ ಗಿಟಾರ್ ಯಾವುದು ಎಂದು ಕೇಳುವವರು ಹೆಚ್ಚಾದರು. ಪಂಖೇವಾಲಾ ವಿಡಿಯೊ ತರುಣ್ ಅವರ ಪುಟದಿಂದ ಮಾಯವಾಯಿತು. ಅದರ ಜಾಗದಲ್ಲಿ ತಮ್ಮದೇ ಎರಡು ವರ್ಷಗಳ ಸಂಶೋಧನೆಯಿಂದ ಬಂದ ಹೊಸ ನಾದದ ಗಿಟಾರ್ ಬರಲಿದೆ ಎಂಬ ಪ್ರಕಟಣೆ ಬಂತು. ಆದರೆ ಸಂಶೋಧನೆ ಸಿದ್ಧಿಸಿರಲಿಲ್ಲ. ಬೇರೆ ಕಡೆ ಸುತ್ತಿಸಿದ ಕಾಯಿಲ್‌ಗಳಲ್ಲಿ ನಡುವಿನದನ್ನು ಉಲ್ಟಾ ಜೋಡಿಸಿದರೆ ಸೊಳ್ಳೆಯ ದನಿ ಬರುತ್ತಿತ್ತು. ಎರಡು ಕಾಯಿಲ್ ಸಮಬಲದವಾಗಿದ್ದರೆ ಒಂದನ್ನೊಂದು ಪೂರ್ತಿ ನುಂಗಿಬಿಡುತ್ತವೆ. ವಿಡಿಯೊದಲ್ಲಿ ‘ಒಂದೇ ತಂತಿ’ ಎಂದದ್ದು ಬಾಯಿಪಾಠದ ನಿಯಮವಷ್ಟೇ, 45 ನಂಬರಿನ ಸಂಗತಿ ಅವರಿಗೆ ತಿಳಿದಿರಲಿಲ್ಲ. ಕಾಯಿಲ್ ಬಿಚ್ಚಿ ನೋಡಲು ಆಗ್ನೆಲೊ ಬಿಡಲಿಲ್ಲ. ಲಾಲಸಾಬ್ ಮಾತ್ರ ಅಷ್ಟರಲ್ಲಿ ಆಗ್ನೆಲೊ ಅವರ ಎರಡನೇ ಗಿಟಾರಿಗೆ ಅದೇ ಎರಡು ತಪ್ಪುಗಳನ್ನು ಬೇಕೆಂದೇ ಮಾಡಿ ಕೊಟ್ಟಿದ್ದರು. ಅದೇ ದನಿ ಬಂದಿತ್ತು.

2023ರ ಮಳೆಗಾಲ ಮುಗಿದ ಮೇಲೆ ತರುಣ್ ಝುವಾರಿನಗರಕ್ಕೆ ಬಂದರು. ನನ್ನ ಟೇಬಲ್ ಫ್ಯಾನ್ ತರಲು ಹೋಗಿದ್ದ ನಾನು ಅಂಗಡಿಯಲ್ಲೇ ಇದ್ದೆ. ತರುಣ್ ಜೊತೆಗೆ ಒಬ್ಬ ವಿಡಿಯೊಗ್ರಾಫರ್ ಇದ್ದ. ಲಾಲಸಾಬ್ ಅವರ ಹೆಂಡತಿ ಬೀಬಿಜಾನ್ ಬಾಗಿಲಿಗೇ ಬಂದು ನಿಂತರು.

“ಬರ್ರಿ ಸರ್, ಬರ್ರಿ. ಪಂಖೇವಾಲಾನ ಅಂಗಡಿ ಹುಡುಕ್ಕೊಂಡು ಬಂದ್ರ್ಯಾ? ದಾರಿ ಭಾಳ ಸಣ್ಣದೈತ್ರಿ, ದೊಡ್ಡವರು ಡುಬ್ಬ ಬಗ್ಗಿಸಿ ಬರಬೇಕು.”

ಕನ್ನಡ ತಿಳಿಯದ ತರುಣ್, “ಏನು ಹೇಳುತ್ತಿದ್ದಾರೆ?” ಎಂದು ಕೇಳಿದರು.

“ಚಹಾ ಕುಡೀತೀರೇನಂತ ಕೇಳಾಕತ್ತಾಳ್ರಿ,” ಎಂದರು ಲಾಲಸಾಬ್.

ಅವರಿಬ್ಬರ ಮಾತೆಲ್ಲ ಹಿಂದಿಯಲ್ಲೇ ನಡೆಯಿತು, ಕನ್ನಡದಲ್ಲಿ ಕೊಡುತ್ತಿದ್ದೇನೆ. ಆರು ಗಿಟಾರಿಗೆ ಹದಿನೆಂಟು ಕಾಯಿಲ್ ಬೇಕು, ಆಗ ಮಾಡಿದಂತೆಯೇ ಆಗಬೇಕು ಎಂದರು ತರುಣ್.

“ಆವಾಗ ತಪ್ಪು ಮಾಡಿದ್ನೆಲ್ರಿ ನಾ. ಅದೇ ತಪ್ಪು ಬೇಕೇನ್ರಿ?”

“ಹಳೆಯದೆಲ್ಲ ಯಾಕೆ ಈಗ?”

“ಮಾಡ್ತೇನ್ರಿ. ಒಂದ ಕೆಲಸ ಮಾಡ್ರಿ. ಆ ದಿವ್ಸ ಎಲ್ಲಿ ನಿಲ್ಲಿಸಿದ್ರಿ, ಅಲ್ಲೇ ನಿಲ್ರಿ. ಅದೇ ಫೋನ್ ಹಿಡೀರಿ. ಈ ದನಿ ಪಂಖೇವಾಲಾನ ತಪ್ಪಿನಿಂದ ಬಂತು ಅಂತ ಹೇಳ್ರಿ. ನಾಳೇನ ಕೆಲಸಕ್ಕ ಕೂಡ್ತೇನಿ.”

ತರುಣ್ ನಕ್ಕರು. ವಿಡಿಯೊಗ್ರಾಫರ್ ಆಗಲೇ ಕ್ಯಾಮೆರಾ ತೆರೆದಿದ್ದ. ತರುಣ್ ಲಾಲಸಾಬ್ ಅವರ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾಕ್ಕೆ ಹೇಳಿದರು: “ಇವರು ನಮ್ಮ ಕುಶಲಕರ್ಮಿ. ಪಂಖ ಸುತ್ತುತ್ತಿದ್ದವರು. ಪಿಕಪ್ ಸುತ್ತುವುದನ್ನು ನಾನೇ ಕಲಿಸಿದ್ದು.”

ಬೀಬಿಜಾನ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. ಲಾಲಸಾಬ್ ಹೆಗಲ ಮೇಲಿನ ಕೈಯನ್ನು ನೋಡಿದರು, ಆಮೇಲೆ ಕ್ಯಾಮೆರಾವನ್ನು.

“ಹೌದ್ರಿ. ಇವರ ಕಲಿಸ್ಯಾರ. ಕಲಿಸಿದಂಗ ಮಾಡಿ ಕೊಡ್ತೇನಿ.”

ತರುಣ್ ಹೋದ ಮೇಲೆ ಬೀಬಿಜಾನ್ ಗಂಡನ ಮೇಲೆ ಹರಿಹಾಯ್ದರು. “ನಾಚಿಕಿ ಇಲ್ಲೇನು ನಿಮಗ? ಎರಡ ಸಲ ಮಾರಿ ಮ್ಯಾಲೆ ಉಗುಳಿಸ್ಕೊಂಡು ಹೂಂ ಅಂದ್ರಲ್ಲ!”

“ಅವಾ ಏನ್ ಕಲಿಸ್ಯಾನ, ಹೇಳು ನೋಡೂಣು?”

“ಮೂರೂ ಒಂದೇ ಕಡೆ, ಒಂದೇ...” ಎಂದು ಆಕೆ ಶುರು ಮಾಡಿದರು. ವಿಡಿಯೊ ಆಕೆಗೂ ಬಾಯಿಪಾಠವಾಗಿತ್ತು. ಆಮೇಲೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹದಿನೆಂಟು ಕಾಯಿಲ್‌ಗಳನ್ನು ಲಾಲಸಾಬ್ ಕಾರ್ಯಕ್ರಮದ ಮುನ್ನಾದಿನ ತಲುಪಿಸಿದರು. ಎಲ್ಲಾ ಒಂದೇ ದಿಕ್ಕಿಗೆ, ಎಲ್ಲಾ 46 ನಂಬರ್. ಶನಿವಾರ ಮಧ್ಯಾಹ್ನ ತರುಣ್ ಅವರ ಫೋನ್ ಬಂದಾಗ ನಾನು ಅಂಗಡಿಯಲ್ಲಿದ್ದೆ; ಲಾಲಸಾಬ್ ಅದನ್ನು ಸ್ಪೀಕರಿಗೆ ಹಾಕಿ ನನ್ನೆದುರು ಇಟ್ಟರು.

“ಏನು ಮಾಡಿದ್ದೀಯಾ? ಯಾವ ಅಂಗಡಿಯಲ್ಲೂ ಸಿಗುವ ದನಿ ಇದು. ನಡುವಿನದನ್ನು ಉಲ್ಟಾ ಜೋಡಿಸಿದರೆ ಸೊಳ್ಳೆ!”

“ಮೂರೂ ಒಂದೇ ಕಡೆ, ಒಂದೇ ತಂತಿ. ನೀವ ಕಲಿಸಿದ್ದು. ತಪ್ಪು ಏನರ ಐತೇನ್ರಿ?”

“ಅವತ್ತಿನ ತರಹ ಮಾಡು ಅಂದಿದ್ದೆ!”

“ಅವತ್ತ ಏನ್ ಮಾಡಿದ್ನಿ, ಹೇಳ್ರಲಾ.”

“ನಿನಗೆ ಗೊತ್ತಿದೆ.”

“ನನಗ ಗೊತ್ತೈತ್ರಿ. ನಿಮ್ಮ ಬಾಯಿಲೆ ಬರಬೇಕು.”

“ಸಂಜೆ ಜನ ಬರ್ತಾರೆ, ಲಾಲ್.”

“ನಾವೂ ಬರಾಕತ್ತೇವ್ರಿ.”

ಸಂಜೆ ಆರೂ ಗಿಟಾರ್ ನುಡಿದವು. ಕೆಟ್ಟದಾಗಿರಲಿಲ್ಲ. ಸ್ವಚ್ಛವಾದ, ದೋಷವಿಲ್ಲದ, ಎಲ್ಲರೂ ಕೇಳಿರುವ ದನಿ. ಅತಿಥಿ ವಾದಕರಾಗಿ ಬಂದಿದ್ದ ಆಗ್ನೆಲೊ ಆರನೆಯದನ್ನು ನುಡಿಸಿ ಕೆಳಗಿಟ್ಟು, “ಒಳ್ಳೆಯ ಗಿಟಾರ್. ಆದರೆ ಇದು ನನ್ನದರ ತಂಗಿಯಲ್ಲ,” ಎಂದರು. ಸಭೆಯಲ್ಲಿ ಯಾರೋ ಹಳೆಯದನ್ನು ನುಡಿಸಿ ಎಂದು ಕೂಗಿದರು. ಅವರು ತಮ್ಮ ಹಳೆಯ ಗಿಟಾರ್ ಜೋಡಿಸಿ ಸ್ವಿಚ್ಚನ್ನು ನಡುವೆ ತಂದು ನಾಲ್ಕೇ ಸ್ವರ ನುಡಿಸಿದರು. ಬೇರೆ ಹೇಳಬೇಕಾದ್ದೇನೂ ಉಳಿಯಲಿಲ್ಲ.

ಪ್ರಶ್ನೆಗಳಿಗೆ ಅವಕಾಶವಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: “ಹಳೆಯ ಗಿಟಾರಿಗೂ ಹೊಸದಕ್ಕೂ ಕಾಯಿಲ್ ಸುತ್ತುವುದರಲ್ಲಿ ಏನು ವ್ಯತ್ಯಾಸ?”

ತರುಣ್ ಉತ್ತರ ಕೊಡಲು ಬಾಯಿ ತೆರೆದರು. ಎರಡನೇ ಸಾಲಿನಲ್ಲಿ ಲಾಲಸಾಬ್ ಎದ್ದು ನಿಂತರು. ಏನೂ ಕೂಗಲಿಲ್ಲ.

“ಹೇಳ್ರಿ ಸರ್,” ಎಂದರು. ಆಮೇಲೆ, ಅಂದು ತರುಣ್ ಹೇಳಿದ ಮಾತನ್ನೇ ಹಿಂದಿಯಲ್ಲಿ ಹೇಳಿದರು: “ಹೇಳು ನೋಡೋಣ.”

ಸಭಾಂಗಣದ ಧ್ವನಿವ್ಯವಸ್ಥೆಯಲ್ಲಿ ದೋಷವಿದೆ ಎಂದು ಹೇಳಿ ತರುಣ್ ಕಾರ್ಯಕ್ರಮ ಮುಗಿಸಿದರು.

ನನ್ನ ವರದಿ ಒಳಪುಟದಲ್ಲಿ ಬಂತು. ಯಾವ ವಿಶೇಷಣವನ್ನೂ ಬಳಸಿರಲಿಲ್ಲ. ತರುಣ್ ಅವರ ಪ್ರತಿಕ್ರಿಯೆಯೂ ಇತ್ತು: “ವಿನ್ಯಾಸ ಎಂಬುದು ತಂಡದ ಕೆಲಸ.” ಜಾಲದಿಂದ ತೆಗೆದಿದ್ದ ವಿಡಿಯೊದಲ್ಲಿ ಅವರು ಆಡಿದ್ದ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದೆ. ಪಣಜಿಯ ಎರಡು ಪತ್ರಿಕೆಗಳು ಅದನ್ನು ಅನುವಾದಿಸಿಕೊಂಡವು. ಆರರಲ್ಲಿ ಒಂದು ಗಿಟಾರೂ ಮಾರಾಟವಾಗಲಿಲ್ಲ. ಕಾಂಟ್ಯಾಕ್ಟರ್ ಕೆಲಸ ಕೊಡುತ್ತಿದ್ದವರಲ್ಲಿ ಅರ್ಧದಷ್ಟು ಜನ ಲಾಲಸಾಬ್ ಬಳಿಗೆ ಮರಳಿದರು.

ನಮ್ಮ ಸುದ್ದಿಮನೆಯಲ್ಲಿ ಒಂದು ನಿಯಮವಿತ್ತು. ಮುಖಪುಟದಲ್ಲಿ ತಪ್ಪಾದರೆ ತಿದ್ದುಪಡಿಯೂ ಮುಖಪುಟದಲ್ಲೇ ಬರಬೇಕು, ಒಳಪುಟದ ಮೂಲೆಯಲ್ಲಲ್ಲ. ಲಾಲಸಾಬ್ ಕೇಳಿದ್ದು ಅದಕ್ಕಿಂತ ಹೆಚ್ಚಲ್ಲ. ಆ ನಿಯಮವನ್ನು ಪಾಲಿಸಲು ಮನುಷ್ಯರಿಗೆ ಎಷ್ಟು ಕಷ್ಟವೆಂದು ನನಗೆ ಅರ್ಥವಾದದ್ದು ಈ ಪ್ರಕರಣದಿಂದ.

2024ರ ಮಳೆಗಾಲದಲ್ಲಿ ತರುಣ್ ಮತ್ತೊಮ್ಮೆ ಬಂದರು, ಈ ಸಲ ಒಬ್ಬರೇ. ತಪ್ಪು ತಮ್ಮದೆಂದು ಅಂಗಡಿಯ ಒಳಗೆ, ಸಣ್ಣ ದನಿಯಲ್ಲಿ ಹೇಳಿದರಂತೆ. ಲಾಲಸಾಬ್ ಕೈಯ ಕೆಲಸ ಬಿಡದೆ, “ಇಲ್ಲಿ ಅಲ್ರಿ. ಮಾಪುಸಾದಾಗ,” ಎಂದರಂತೆ. ಕೆಲವು ದಿನಗಳ ನಂತರ ಮಾಪುಸಾದಿಂದ ರಟ್ಟಿನ ಪೆಟ್ಟಿಗೆಯೊಂದು ಬಂತು. ಒಳಗೆ ಹದಿನೆಂಟು ಕಾಯಿಲ್ ವಾಪಸು ಬಂದಿದ್ದವು.

ಬೀಬಿಜಾನ್ ಅವುಗಳನ್ನು ದಾರದಲ್ಲಿ ಪೋಣಿಸಿ ಅಂಗಡಿಯ ಬಾಗಿಲಿಗೆ, ಲಿಂಬೆ–ಮೆಣಸಿನಕಾಯಿಯ ಪಕ್ಕಕ್ಕೆ ಕಟ್ಟಿದ್ದಾರೆ. ಇದೇನು ಎಂದು ಕೇಳುವ ಗಿರಾಕಿಗಳಿಗೆ ಆಕೆ, “ಖರೇ ಅಂದ್ರ ಒಂದೂ ತಪ್ಪಿಲ್ಲದ ಮಾಲ್ರಿ, ದೃಷ್ಟಿ ಆಗಬಾರ್ದಂತ ಕಟ್ಟೇನಿ,” ಎನ್ನುತ್ತಾರೆ. ಕಳೆದ ಭಾನುವಾರ ನಾನು ಹೋದಾಗ ಅವು ಅಲ್ಲೇ ತೂಗುತ್ತಿದ್ದವು. ಮಾಪುಸಾದಿಂದ ವಿಡಿಯೊ ಬಂದಿಲ್ಲ.