ಸಿಂಪಿ ತಟ್ಟೆಗಳ ಅಕ್ಕ

ಯಾವ ತಟ್ಟೆಯನ್ನೇ ಆಗಲಿ, ಅಕ್ಕ ಮೊದಲು ಎಡಗಿವಿಯ ಹತ್ತಿರ ಹಿಡಿಯುತ್ತಿದ್ದರು. ತಲೆ ತುಸು ವಾಲಿಸಿ, ಕಣ್ಣು ಮುಚ್ಚಿ, ಅಂಚನ್ನು ಉಗುರಿನಿಂದ ಒಮ್ಮೆ ಮೀಟುವುದು. ಸದ್ದು ತೆಳ್ಳಗೆ ಎದ್ದರೆ ತಟ್ಟೆ ಗಟ್ಟಿ. ಬೊದ್ದೆಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆಯೆಂದು ಅರ್ಥ. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಟ್ರಂಕ್ ಕಾಲುಗಳನ್ನು ಜೋಡಿಸಿಕೊಟ್ಟ ಕಿವಿ ಅದು. ನಿವೃತ್ತರಾದ ಮೇಲೆ ಅವರ ಮನೆಯ ಫೋನೇ ಅಪರೂಪಕ್ಕೆ ರಿಂಗಾಗುತ್ತಿತ್ತು.

ದೇವರಾಜ ಅರಸು ಬಡಾವಣೆಯಲ್ಲಿ ತಾವೇ ಕಟ್ಟಿಸಿದ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಮಹಡಿಯ ಎರಡು ಕೋಣೆಗೆ ನಾನು ಬಾಡಿಗೆಗೆ ಬಂದಾಗ ಗಂಡನ ಮನೆ ಬಿಟ್ಟು ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ನೋಡಿದ ಮನೆಗಳಲ್ಲೆಲ್ಲ ಯಜಮಾನರು ಏನು ಮಾಡುತ್ತಾರೆ ಎಂಬುದೇ ಮೊದಲ ಪ್ರಶ್ನೆ. ಅಕ್ಕ ಕೇಳಿದ್ದು, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀ ಎಂದಷ್ಟೆ. ಮೋಟರ್ ಹಾಕುವ ಸದ್ದಿಗೆ ನನ್ನ ನಿದ್ದೆ ಕೆಡಬಾರದೆಂದು.

ಪಡಸಾಲೆಯ ಗಾಜಿನ ಬೀರುವಿನಲ್ಲಿ ಆಗ ನಾಲ್ಕು ಪಿಂಗಾಣಿ ತಟ್ಟೆಗಳಿದ್ದವು. ಒಂದು ಪಾಚಿ ಹಸಿರು, ಒಂದು ನವಿಲು ಬಣ್ಣ, ಎರಡು ಬಿಳಿ. ಎಲ್ಲದರಲ್ಲೂ ಸುತ್ತ ಆರು ಗುಳಿ, ನಡುವೆ ಒಂದು. ಮೊದಲನೆಯದು ಹರಿಹರದ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದಂತೆ. ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡಿದ ಯಾರದೋ ಸಾಮಾನಿನ ಜೊತೆ ಬಂದದ್ದು. ಇಂಥದ್ದು ಬಂದರೆ ಎತ್ತಿಡಿ ಎಂದು ಅಂಗಡಿಯ ಸಾಬರಿಗೆ ಹೇಳಿಟ್ಟಿದ್ದರು.

"ಪಡ್ಡಿನ ತಟ್ಟೆ ನೋಡವ್ವ ಇದು," ಎಂದರು ನನಗೆ. "ಗುಳಿಗೊಂದು ಪಡ್ಡು, ನಡುವೆ ಚಟ್ನಿ. ಅದ್ಯಾವ ಊರೋರೋ, ಎಷ್ಟು ಅಚ್ಚುಕಟ್ಟು."

ಎರಡು ವಾರಕ್ಕೊಮ್ಮೆ ಭಾನುವಾರ ನಿಟ್ಟುವಳ್ಳಿಯಿಂದ ಅವರ ಅಣ್ಣ ಮನೆಯವರೊಂದಿಗೆ ಬರುತ್ತಿದ್ದರು. ಅವತ್ತು ಅಕ್ಕನ ದನಿಯೇ ಬೇರೆ. ಬೆಳಗ್ಗೆಯೇ ಪಡ್ಡಿನ ಹಂಚು ಒಲೆಗೇರಿ, ಆ ನಾಲ್ಕೂ ತಟ್ಟೆಗಳು ಬೀರುವಿನಿಂದ ಇಳಿಯುತ್ತಿದ್ದವು.

ತಟ್ಟೆಯ ಹಿಂದಿನ ಅಕ್ಷರಗಳು ಏನೆಂದು ಹುಡುಕಿಕೊಡು ಎಂದು ಒಮ್ಮೆ ಕೇಳಿದರು. ಮೊಬೈಲಿನಲ್ಲಿ ಫೋಟೋ ಹಾಕಿ ಹುಡುಕಿದೆ. ಫ್ರಾನ್ಸಿನವು, ತುಂಬ ಹಳೆಯವು. ಅವು ಸಿಂಪಿ ತಿನ್ನುವ ತಟ್ಟೆಗಳು. ಸಮುದ್ರದ ಚಿಪ್ಪಿನೊಳಗಿನ ಜೀವವನ್ನು ಹಸಿಯಾಗಿಯೇ, ನಿಂಬೆಹಣ್ಣು ಹಿಂಡಿ ತಿನ್ನಲು ಮಾಡಿದ್ದವು. ಅಕ್ಕ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು, ಮೊಟ್ಟೆ ಇರಬಹುದೆಂದು ಕೇಕನ್ನೂ ಮುಟ್ಟದವರು. ಫ್ರಾನ್ಸಿನ ತಟ್ಟೆಗಳಂತೆ ಅಕ್ಕಾರೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಅವರ ಮುಖ ಅಷ್ಟು ಅರಳಿತ್ತು. ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆಯೇ ಒಂದು ತಿಂಗಳು ಕಳೆಯಿತು.

ಆ ಭಾನುವಾರ ಅಣ್ಣನ ಜೊತೆ ಹೊಸ ಸೊಸೆಯೂ ಬಂದಿದ್ದಳು. ಗೋವಾದ ಹೋಟೆಲಿನಲ್ಲಿ ಇಂಥವೇ ತಟ್ಟೆ ನೋಡಿದ್ದೆ ಎಂದು, ಅದರಲ್ಲಿ ಏನು ತಿನ್ನುತ್ತಾರೆಂಬುದನ್ನೂ ಆ ಹುಡುಗಿ ಸಹಜವಾಗಿ ಹೇಳಿಬಿಟ್ಟಳು. ಅಣ್ಣ ಕೈಯಲ್ಲಿದ್ದ ಪಡ್ಡನ್ನು ಕೆಳಗಿಟ್ಟರು.

"ನಿಂಗೆ ಗೊತ್ತಿತ್ತಾ?"

"ಇಲ್ಲಣ್ಣ."

"ಹುಡುಕಿ ಹುಡುಕಿ ನಾಲ್ಕು ಕೂಡಿಟ್ಟಾಕಿಗೆ ಗೊತ್ತಿಲ್ಲ ಅಂದ್ರೆ ಹೆಂಗೆ ನಂಬಬೇಕು?"

ಚಟ್ನಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಗೊತ್ತಿದ್ದದ್ದು ನನಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಅಣ್ಣ ಅಂಗಳಕ್ಕೆ ಹೋಗಿ ಬಾಯಿ ಮುಕ್ಕಳಿಸಿದರು. ಎಲ್ಲರನ್ನೂ ಕರೆದುಕೊಂಡು ಹೊರಟರು.

ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಪಡ್ಡಿನ ಹಂಚನ್ನು ಒರೆಸುತ್ತಲೇ ಇದ್ದರು. "ಹೇಳ್ಬೇಕಿತ್ತವ್ವ," ಎಂದರು. ಹಂಚನ್ನು ಮಗುಚಿ ಹಿಡಿದು, "ಅಲ್ಲೇ ಹೇಳಿದ್ರೂ ಆಗ್ತಿತ್ತು." ಮತ್ತೆಂದೂ ಆ ಮಾತು ಎತ್ತಲಿಲ್ಲ. ನಾನೇ ನಿಟ್ಟುವಳ್ಳಿಗೆ ಹೋಗಿ ಹೇಳಿಬರುತ್ತೇನೆ ಎಂದಾಗ ಮಾತ್ರ ತಲೆ ಎತ್ತಿ ನೋಡಿದರು.

"ಬ್ಯಾಡ. ನನ್ ಮಾತು ನಂಬದಾತ ನಿನ್ ಮಾತು ನಂಬಿ ಬಂದ್ರೆ, ಆ ಬರೋದು ನಂಗ್ಯಾಕೆ?"

ನನಗೆ ಒಳಗೊಳಗೇ ಹಗುರಾಯಿತು. ಅಲ್ಲಿಗೆ ಹೋಗಿ ತಲೆ ತಗ್ಗಿಸುವ ಕೆಲಸ ತಪ್ಪಿತಲ್ಲ ಎಂದು.

ಅಣ್ಣ ಮತ್ತೆ ಬರಲಿಲ್ಲ. ಸುದ್ದಿ ಕೇಳಿದ ಇತರ ನೆಂಟರೂ ಆ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟರು. ಅಕ್ಕ ಆ ತಟ್ಟೆಗಳನ್ನು ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಇನ್ನಷ್ಟು ಕೊಳ್ಳತೊಡಗಿದರು. ಪುದುಚೇರಿಯಲ್ಲಿ ಹಳೆಯ ಸಾಮಾನು ಮಾರುವವನೊಬ್ಬನ ನಂಬರನ್ನು ನಾನೇ ಹುಡುಕಿಕೊಟ್ಟೆ. ಅಕ್ಕ ಟ್ರಂಕ್ ಕಾಲಿನ ಕಾಲದಲ್ಲಿ ಕಲಿತ ತಮಿಳಿನಲ್ಲಿ, ತಟ್ಟೆಯನ್ನು ಫೋನಿನ ಹತ್ತಿರ ಹಿಡಿದು ಮೀಟು ಎಂದು ಅವನಿಗೆ ಹೇಳುತ್ತಿದ್ದರು. ಕಣ್ಣು ಮುಚ್ಚಿ ಕೇಳಿ, ಒಡಕಿದೆ ಬೇಡ, ಇನ್ನೊಂದು ಮೀಟು ಎನ್ನುತ್ತಿದ್ದರು. ಆ ಮನುಷ್ಯ ಮೊದಮೊದಲು ನಕ್ಕ. ಆಮೇಲೆ ಅವನೇ ಫೋನು ಮಾಡತೊಡಗಿದ. ಆ ಮನೆಗೆ ಬರುತ್ತಿದ್ದ ಫೋನೆಂದರೆ ಹೆಚ್ಚಾಗಿ ಅವನದೇ.

ಯಾಕೆ ಕೂಡಿಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಹಬ್ಬ ಹುಣ್ಣಿಮೆಗೆ ಎಷ್ಟ್ ಮಂದಿ ಕೂತು ಉಂಡಿರ್ಬೇಕು ಇದ್ರಾಗೆ," ಎಂದರು. ಬೀರು ತುಂಬಿ ಹತ್ತೊಂಬತ್ತು ತಟ್ಟೆಗಳಾದವು. ಯಾವುದರಲ್ಲೂ ಮತ್ತೆ ಏನನ್ನೂ ಬಡಿಸಲಿಲ್ಲ. ಭಾನುವಾರ ಅಡುಗೆಮನೆಯಲ್ಲಿ ನಾವಿಬ್ಬರೇ, ಸ್ಟೀಲ್ ತಟ್ಟೆಯಲ್ಲಿ ತಿಂದು ಏಳುತ್ತಿದ್ದೆವು.

ಹೀಗೆ ಆರು ವರ್ಷ. ಹೋದ ವರ್ಷ ಜ್ವರವೆಂದು ಮಲಗಿದವರು ಎಂಟನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಫೋನು ಮಾಡಿದ ಅರ್ಧ ಗಂಟೆಯಲ್ಲಿ ಅಣ್ಣ ಬಂದಿದ್ದರು. ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದಾಗ ಎದುರು ನಿಂತು ಹೇಳಿದೆ. ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತಿದ್ದೂ ಸುಮ್ಮನಿದ್ದದ್ದು ನಾನು ಎಂದು. ಬೈಯುತ್ತಾರೆಂದು ಕಾದೆ.

"ಅವತ್ತು ಮನೆಗೆ ಹೋಗೋದ್ರಾಗೆ ಗೊತ್ತಾಗಿತ್ತು ತಂಗಿ," ಎಂದರು. "ಆಕಿ ಹುಟ್ಟಿದಾಗಿಂದ ಸುಳ್ಳು ಹೇಳಿದಾಕಿ ಅಲ್ಲ. ಬರಾಕೆ ಮುಖ ಇರ್ಲಿಲ್ಲ. ಯಾರಾರ ಬಂದು ಕರೀಲಿ ಅಂತ ಕಾಯ್ತಿದ್ದೆ."

ನಿಟ್ಟುವಳ್ಳಿಗೆ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ.