ಮಲಕವ್ವನಿಗೂ ಒಂದು ವೇಷ

ಬೆಳಗಿನ ನಾಲ್ಕೂವರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಹಾಲಿನವರೂ ಇನ್ನೂ ಬಂದಿಲ್ಲ. ಮುರಿಗೆವ್ವನ ಪಡಸಾಲೆಯಲ್ಲಿ ಮಾತ್ರ ಗಾಂಧೀಜಿಯ ಹದಿನಾಲ್ಕು ಧೋತರಗಳಿಗೆ ಇಸ್ತ್ರಿ ನಡೆದಿದೆ. ಮೂಲೆಗೆ ಒಂಬತ್ತು ಚೆನ್ನಮ್ಮರ ಕತ್ತಿಗಳು ಒರಗಿವೆ. ಗೂಟದ ತುಂಬ ರಾಯಣ್ಣರ ರುಮಾಲುಗಳು, ನೇತಾಜಿಯ ಟೊಪ್ಪಿಗೆಗಳು. ಇವತ್ತು ಆಗಸ್ಟ್ ಹದಿನೈದು. ಏಳು ಗಂಟೆಯೊಳಗೆ ಅರವತ್ತಮೂರು ದೇಶಭಕ್ತರು ಗಂಟು ಕಟ್ಟಿಸಿಕೊಂಡು ಬಬಲೇಶ್ವರ, ತಿಕೋಟಾ ಕಡೆಗೆ ಹೊರಡಬೇಕು.

"ಗಾಂಧಿ ಆಗಾಕ ಹುಡುಗರು ಲಗೂನ ಒಪ್ಪಂಗಿಲ್ರಿ. ಮೈಮ್ಯಾಲ ಅಂಗಿ ಇರಂಗಿಲ್ಲಲ್ಲ, ನಾಚತಾವು" ಎಂದು ನಗುತ್ತಾರೆ ಅರವತ್ತೊಂದರ ಮುರಿಗೆವ್ವ. "ದಂಡಿ ಸತ್ಯಾಗ್ರಹಕ್ಕಂತ ಪುಡಿಕ್ಯಾಗ ಉಪ್ಪು ಕಟ್ಟಿ ಕೊಟ್ಟಿರತೇನಿ. ಸ್ಟೇಜಿಗೆ ಹೋಗೂದ್ರಾಗ ಅರ್ಧಾ ನೆಕ್ಕಿರತಾವು."

ಗಂಡ ಗುರಲಿಂಗಪ್ಪ ನಾಟಕ ಕಂಪನಿಯೊಂದರಲ್ಲಿ ದರ್ಜಿಯಾಗಿದ್ದರು. ಕಂಪನಿ ಮುಚ್ಚಿದ ದಿನ ಅವರು ಮನೆಗೆ ತಂದದ್ದು ಒಂದು ಹೊಲಿಗೆ ಮಷೀನು, ಎರಡು ಟ್ರಂಕಿನ ತುಂಬ ರಾಜರ ಪೋಷಾಕು. ಆ ಮಖಮಲ್ಲನ್ನೇ ಕತ್ತರಿಸಿ ಗಂಡಹೆಂಡತಿ ಶಾಲೆ ಮಕ್ಕಳ ಅಳತೆಗೆ ಹೊಲಿದು ಬಾಡಿಗೆಗೆ ಕೊಡತೊಡಗಿದರು. ಗುರಲಿಂಗಪ್ಪ ತೀರಿಕೊಂಡು ಹನ್ನೆರಡು ವರ್ಷ. ಕೊರೊನಾದ ಎರಡು ವರ್ಷ ಶಾಲೆಗಳೇ ತೆರೆಯಲಿಲ್ಲ, ಇಲಿಗಳು ನಾಲ್ಕು ರುಮಾಲು ತಿಂದುಹಾಕಿದವು. ಮುರಿಗೆವ್ವ ದಿಂಬಿನ ಚೀಲ ಹೊಲಿದು ದಿನ ದೂಡಿದರು. ಈಗ ಕಣ್ಣು ಮಂಜು. ಸೊಸೆ ಕಾವ್ಯಾ ದಿನಾ ಮುಂಜಾನೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ.

ಓದಿದ್ದು ನಾಲ್ಕನೇ ಇಯತ್ತೆ. ಆದರೆ ಯಾರು ಯಾವ ಕಾಲದವರು, ಯಾರ ತಲೆಗೆ ಎಂಥ ರುಮಾಲು ಎಂಬುದರಲ್ಲಿ ಈ ತಾಯಿಯನ್ನು ಯಾರೂ ಏಮಾರಿಸಲಾರರು. ಒಮ್ಮೆ ಒಂದು ಶಾಲೆಯಲ್ಲಿ ಕಿತ್ತೂರು ಸೈನಿಕನ ತಲೆಗೆ ಗಾಂಧಿ ಟೊಪ್ಪಿಗೆ ಇಟ್ಟಿದ್ದರು. ಇವರು ಸೀದಾ ಸ್ಟೇಜು ಹತ್ತಿ ಅದನ್ನು ತೆಗೆದುಬಿಟ್ಟರು. "ಕಿತ್ತೂರ ಕಾಳಗ ಆದಾಗ ಗಾಂಧೀಜಿ ಹುಟ್ಟೇ ಇರಲಿಲ್ರಿ ಸರ್, ಅಂದೆ. ತಪ್ಪೇನ್ರಿ?"

ಇಂಥ ಮುರಿಗೆವ್ವನಿಗೂ ಒಂದು ಕೊರಗಿದೆ. ಟ್ರಂಕಿನ ತಳದಲ್ಲಿ ಹುಡುಗಿಯರ ಅಳತೆಯ ಒಂದು ಇಳಕಲ್ ಸೀರೆ, ಖಣದ ಕುಪ್ಪಸ, ತಲೆ ಮೇಲಿನ ಸಿಂಬಿ ಮಡಿಚಿಟ್ಟಂತೆಯೇ ಇವೆ. ಹೊಲಿದು ಐದು ವರ್ಷವಾದರೂ ಯಾರೂ ಅದನ್ನು ಕೇಳಿಲ್ಲ. ಅದು ಘೋಣಸಗಿಯ ಮಲಕವ್ವನ ವೇಷ. ಮಲಕವ್ವ ಎಂದರೆ ಮುರಿಗೆವ್ವನ ತಾಯಿಯ ತಾಯಿ, ಇವರ ಬಾಯಲ್ಲಿ 'ಆಯಿ'.

"ಚಲೇಜಾವ್ ಗದ್ದಲದಾಗ ಸರಕಾರದ ಟೆಲಿಗ್ರಾಫ್ ತಂತಿ ಕತ್ತರಿಸಿದ ನಾಕ ಮಂದಿ ನಮ್ಮ ಹಳ್ಳದ ಕೊರಕಲದಾಗ ಅಡಗಿ ಕುಂತಿದ್ರಂತ್ರಿ. ಆಯಿ ಹೊಲದ ಆಳಿಗೆ ಬುತ್ತಿ ಒಯ್ಯೂವ್ರಂಗ ದಿನಾ ರೊಟ್ಟಿ ಗಂಟು ಹೊತ್ತು ಅವರಿಗೆ ಕೊಟ್ಟು ಬರತಿದ್ಲು. ಐದನೇ ದಿನ ಗಡಿಬಿಡಿಯೊಳಗ ವಾರಾನ ಮರತಾಳ. ಅವತ್ತ ಸೋಮವಾರ."

ಸೋಮವಾರ ಬಸವಣ್ಣನ ವಾರ. ಈ ಸೀಮೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲದಲ್ಲಿ ಯಾರೂ ಇಲ್ಲದ ದಿನ ಇಷ್ಟು ದೊಡ್ಡ ಬುತ್ತಿ ಯಾರಿಗೆ? ದಾರಿಯಲ್ಲಿ ಎದುರಾದ ಪೊಲೀಸನೂ ಇದೇ ಸೀಮೆಯವನು. ಅವನಿಗೆ ಅನುಮಾನ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಯಾರಿಗಬೇ ಈ ಬುತ್ತಿ ಅಂದಾನ. ನನಗರಿ, ಬಸುರಿ ಅದೇನಿ, ಅತ್ತಿ ಕಣ್ಣ ತಪ್ಪಿಸಿ ತಿನ್ನಾಕ ಬಂದೇನಿ, ಅಂತ ಹೇಳಿ ಆಯಿ ದಾರ್ಯಾಗ ಕುಂತು ಗಂಟ ಬಿಚ್ಯಾಳ. ಆಂವ ನಿಂತು ನೋಡಾಕತ್ತಾನ, ಈಕಿ ತಿನ್ನಾಕತ್ತಾಳ. ಐದು ರೊಟ್ಟಿ ತಿಂದಾಳ್ರಿ. ಆರನೇದು ಕೈಯಾಗ ಹಿಡದಾಗ ಆಂವ ಬ್ಯಾಸತ್ತು ಹೋಗ್ಯಾನ. ಆಮ್ಯಾಲ ಎರಡ ದಿನಾ ಹೊಟ್ಟಿ ಹಿಡಕೊಂಡು ಮಲಗಿದ್ಲಂತ. ಆ ಹೊಟ್ಟ್ಯಾಗ ಇದ್ದಾಕಿ ನಮ್ಮವ್ವ ನೋಡ್ರಿ."

ಆ ನಾಲ್ವರು ಸಿಕ್ಕಿಬೀಳಲಿಲ್ಲ. ಮಲಕವ್ವನ ಹೆಸರು ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ, ಯಾವ ಕಾಗದದಲ್ಲೂ ಇಲ್ಲ. ವೇಷ ತೋರಿಸಿದರೆ ಶಿಕ್ಷಕರು, "ಪುಸ್ತಕದಾಗ ಇಲ್ಲಲ್ರಿ" ಎಂದು ಚೆನ್ನಮ್ಮನ ಕತ್ತಿಗೇ ಕೈ ಹಾಕುತ್ತಾರೆ. ಈ ವರ್ಷ ಘೋಣಸಗಿ ಶಾಲೆಯ ಮಿನಾಜ ಟೀಚರ್ ಕಥೆ ಪೂರ್ತಿ ಕೇಳಿ ಒಪ್ಪಿದ್ದಾರೆ. ಆದರೆ ಅವರದೊಂದು ಕರಾರು: ವೇಷ ಹಾಕುವ ಮಗು ತಾನಾಗಿ ಹ್ಞೂಂ ಅನ್ನಬೇಕು.

ಆರು ಗಂಟೆಗೆ ಬಬಲೇಶ್ವರದ ಗಂಟುಗಳೊಂದಿಗೆ ಕಾವ್ಯಾ ಬಸ್ಸು ಹತ್ತುತ್ತಾಳೆ. ಮುರಿಗೆವ್ವ ಗೈಬುಸಾಬರ ಜೀಪಿನಲ್ಲಿ ತಿಕೋಟಾದ ವೇಷಗಳನ್ನು ಇಳಿಸಿ, ಎಂಟರ ಹೊತ್ತಿಗೆ ಘೋಣಸಗಿ ತಲುಪುತ್ತಾರೆ. ಅಲ್ಲಿ ಮಲಕವ್ವನ ವೇಷಕ್ಕೆ ಟೀಚರ್ ಆರಿಸಿದ ಐದನೇ ತರಗತಿಯ ಆರತಿಯ ತಾಯಿ ಮುಖ ಊದಿಸಿಕೊಂಡು ನಿಂತಿದ್ದಾಳೆ. "ಕೈಯಾಗ ಕತ್ತಿ ಇಲ್ಲ, ತಲಿಮ್ಯಾಲ ಕಿರೀಟ ಇಲ್ಲ. ಇದ್ಯಾವ ವೇಷಬೇ?"

ಮುರಿಗೆವ್ವ ಸೀರೆಯ ಪಕ್ಕಕ್ಕೆ ಬುತ್ತಿಯ ಗಂಟನ್ನೂ ತೆಗೆದಿಡುತ್ತಾರೆ. ಅಷ್ಟರಲ್ಲಿ ಆರತಿಯೇ ಗಂಟು ಮೂಸಿ ನೋಡಿ, "ಅಜ್ಜಿ, ರೊಟ್ಟಿ ಖರೇವೇ ಅದಾವೇನು?" ಎನ್ನುತ್ತಾಳೆ.

"ಖರೇವೇ ಯವ್ವಾ. ಮೂರು ಗಂಟೇಕ್ಕ ಎದ್ದು ಬಡದೇನಿ."

"ಹಂಗಾದ್ರ ನಾ ಆಗತೇನಿ."

ಚೆನ್ನಮ್ಮ ಗುಡುಗಿ, ರಾಯಣ್ಣ ಕತ್ತಿ ಬೀಸಿ ಇಳಿದ ಮೇಲೆ ಆರತಿ ಬುತ್ತಿ ಹೊತ್ತು ಬರುತ್ತಾಳೆ. ಮೈಕಿನಲ್ಲಿ ಮಿನಾಜ ಟೀಚರ್, "ಈಕೆ ನಮ್ಮೂರ ಮಲಕವ್ವ" ಎಂದು ಕಥೆ ಹೇಳುತ್ತಿದ್ದಂತೆ ಹುಡುಗಿ ಕುಳಿತು ರೊಟ್ಟಿ ಮುರಿಯುತ್ತಾಳೆ. ಮೊದಲು ಎಲ್ಲರೂ ನಗುತ್ತಾರೆ. ಎರಡನೇ ರೊಟ್ಟಿಗೆ ನಗು ನಿಲ್ಲುತ್ತದೆ. ಮೂರನೆಯದನ್ನು ಆಕೆ ಕಷ್ಟಪಟ್ಟು ನುಂಗುವಾಗ ಹಿಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕತ್ತಿ ಇಲ್ಲವೆಂದು ಮುನಿಸಿಕೊಂಡಿದ್ದ ತಾಯಿ, ಮಗಳಿಗೆ ನೀರಿನ ತಂಬಿಗೆ ಹಿಡಿದು ಸ್ಟೇಜಿನ ಪಕ್ಕಕ್ಕೇ ಓಡಿದ್ದಾಳೆ.

ಮುರಿಗೆವ್ವ ಚಪ್ಪಾಳೆ ಹೊಡೆಯುವುದನ್ನೇ ಮರೆತಿದ್ದಾರೆ. "ಆಯಿ ಹೆಸರು ಮೈಕಿನ್ಯಾಗ ಕೇಳಿದ್ದು ಇವತ್ತ ಮೊದಲ್ರಿ" ಎನ್ನುತ್ತಾರೆ.

ಗಂಟು ಕಟ್ಟುವ ಹೊತ್ತಿಗೆ ಎರಡನೇ ತರಗತಿಯ ಒಂದು ಚೋಟು ಹುಡುಗಿ ಅವರ ಸೆರಗು ಜಗ್ಗುತ್ತಾಳೆ. "ಅಜ್ಜಿ, ಮುಂದಿನ ವರ್ಷ ಮಲಕವ್ವ ನಾ."

ಮುರಿಗೆವ್ವ ಅವಳ ಹೆಗಲಿನಿಂದ ಸೊಂಟದವರೆಗೆ ಗೇಣು ಹಾಕಿ ನೋಡುತ್ತಾರೆ. ಒಂದೂವರೆ ಗೇಣು. "ಈ ಸೀರಿ ನಿನಗ ದೊಡ್ಡದಾಗತೈತಿ ಯವ್ವಾ" ಎಂದು ಕೆನ್ನೆ ಸವರಿ, ಜೀಪಿನತ್ತ ತಿರುಗಿ ಹೇಳುತ್ತಾರೆ: "ಗೈಬುಸಾಬ, ಸ್ವಲ್ಪ ಬಜಾರಿನ್ಯಾಗ ನಿಂದರಸಪಾ. ಸಣ್ಣ ಅಳತಿದು ಇನ್ನೊಂದು ಹೊಲಿಬೇಕಾಗೇತಿ."