ಕಿರಣದ ಕೋಣೆಯಲ್ಲಿ ಓಗೊಟ್ಟದ್ದು

ಶ್ವಾಸಕೋಶದ ಗಡ್ಡೆಗೆ ಕಿರಣ ಚಿಕಿತ್ಸೆ ಪಡೆಯಲು ಕಾರ್ಕಳದಿಂದ ಮಣಿಪಾಲಕ್ಕೆ ಹೋಗುತ್ತಿದ್ದೆ. ಉಸಿರಾಡಿದರೆ ಗಡ್ಡೆ ಅಲುಗುತ್ತದೆ. ಆದ್ದರಿಂದ ನಾನು ಉಸಿರು ಹಿಡಿದಿರುವಷ್ಟು ಹೊತ್ತು ಮಾತ್ರ ಯಂತ್ರ ಕಿರಣ ಬಿಡುತ್ತದೆ. ಮೊದಲ ದಿನ ಸ್ಪೀಕರಿನಲ್ಲಿ ಟೆಕ್ನಿಷಿಯನ್, "ಉಸಿರು ಹಿಡಿಯಿರಿ ಸರ್" ಎಂದಾಗಲೆಲ್ಲ ನಾನು ಉಸಿರೆಳೆದುಕೊಂಡು, ಹೇಳಿದವರಿಗೆ ಉತ್ತರಿಸದಿದ್ದರೆ ಮರ್ಯಾದೆಯಲ್ಲವೆಂದು "ಆಯ್ತು" ಎನ್ನುತ್ತಿದ್ದೆ. ಮಾತಿನೊಂದಿಗೆ ಉಸಿರು ಹೊರಬಿದ್ದು ಯಂತ್ರ ನಿಲ್ಲುತ್ತಿತ್ತು. ಕೊನೆಗೆ ಟೆಕ್ನಿಷಿಯನ್ ನನ್ನನ್ನು ಹೊರಗೆ ಕರೆತಂದು, ಅಲ್ಲಿ ಕುಳಿತಿದ್ದ ನನ್ನ ಹೆಂಡತಿಯಲ್ಲಿ ದೂರು ಹೇಳಿದರು.

"ಮನೆಯಲ್ಲಿ ನಾನು ಹತ್ತು ಸಲ ಕರೆದರೂ ಓಗೊಡದ ಜನ ಇವರು" ಎಂದಳು ಅವಳು. ಆಮೇಲೆ ನನ್ನತ್ತ ತಿರುಗಿ, "ಮುಂದಿನ ಸಲ ಸ್ಪೀಕರಿನಲ್ಲಿ ಮಾತಾಡುವುದು ನಾನೇ ಅಂತ ಗ್ರಹಿಸಿ, ಸಾಕು" ಎಂದಳು.

ಹಾಗೆಯೇ ಗ್ರಹಿಸಿದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.